ಬಿಲ್ಲು ಸೀಸನ್‌ನಲ್ಲಿ ಕ್ರಾಸ್‌ಬೋ ಬಳಸಲು ಅವಕಾಶ ಇರಬೇಕಾ? ಇರಬೇಕು. ಆದರೆ ನೀವು ಈ ವರ್ಷ ಕೊಳ್ಳಬೇಡಿ

ಅಮೆರಿಕದ ಮಿಶಿಗನ್‌ಗೆ ಬಂದು ಮೂರು ವರ್ಷ ಆಯ್ತು, ಬೇಟೆ ಕಲಿಯಬೇಕು, ಕ್ರಾಸ್‌ಬೋ (ಕೋವಿಯ ಹಾಗೆ ಹಿಡಿ, ಟ್ರಿಗರ್ ಇರುವ ಅಡ್ಡಬಿಲ್ಲು) ತಗೊಳ್ಳಿ ಅಂತ ಆಫೀಸಿನಲ್ಲಿ ಒಬ್ಬರು ಹೇಳುತ್ತಾರೆ, ಅದು ಬಿಲ್ಲೇ ಅಲ್ಲ, ಬಿಲ್ಲಿನವರಿಗೆ ಅಂತಲೇ ಇರುವ ಬೇಟೆ ಸೀಸನ್‌ನಲ್ಲಿ ಅದಕ್ಕೆ ಅವಕಾಶ ಕೊಡಲೇಬಾರದು ಅಂತ ಇನ್ನೊಬ್ಬರು ಹೇಳುತ್ತಾರೆ ಅಂತ ಬರೆದಿದ್ದೀರಿ. ಓದುತ್ತಾ ಇದ್ದ ಹಾಗೆ 2015ರಲ್ಲಿ ನಾನೇ ಬರೆದ ಪ್ರಶ್ನೆಯೇನೋ ಅನ್ನಿಸಿತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಾನು ಕೊಡಗಿನವನು, ವಿರಾಜಪೇಟೆ ಕಡೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಜೋಡು ನಳಿಗೆ ಕೋವಿ ಈಗಲೂ ಇದೆ. ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆ) ದಿನ ಅದರ ನಳಿಗೆಗೆ ತೋಕ್‌ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆಮೇಲೆ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಸ್ಪರ್ಧೆ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ, ಆ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. ಆದರೆ ಬೇಟೆ ಅನ್ನುವುದು 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮುಗಿದ ಮಾತು. ನಾನು ಕೇಳಿ ಬೆಳೆದದ್ದು ಬರೀ ಅಜ್ಜನ ಕಥೆಗಳನ್ನು. ಹಂದಿಯನ್ನು ನಾಯಿಗಳು ಹೇಗೆ ಅಡ್ಡಗಟ್ಟುತ್ತಿದ್ದವು, ಮಾಂಸ ಪಾಲು ಹಾಕುವಾಗ ನಾಯಿಗೂ ಹೇಗೆ ಒಂದು ಪಾಲು ಇಡುತ್ತಿದ್ದರು, ಇಂಥವು. ಪ್ರತಿ ಕಥೆಯಲ್ಲೂ ಅಜ್ಜ ಒಂದು ಮಾತು ಹೇಳದೆ ಬಿಡುತ್ತಿರಲಿಲ್ಲ: ಈಡು ತಾಗಿದ ಪ್ರಾಣಿಯನ್ನು ಕಾಡಿನಲ್ಲಿ ಬಿಟ್ಟು ಮನೆಗೆ ಬರಬಾರದು. ರಾತ್ರಿಯಾದರೂ ಹುಡುಕಬೇಕು, ಮಾರನೇ ದಿನವೂ ಹುಡುಕಬೇಕು.

ಇಲ್ಲಿಗೆ ಬಂದಾಗ ನಾನು ಎಚ್‌1ಬಿ ವೀಸಾದಲ್ಲಿದ್ದೆ. ಇದು ನಿಮಗೂ ಬೇಕಾದ ವಿಷಯ. ಆ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಇಲ್ಲಿಯ ಫೆಡರಲ್ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ನಿಜ. ಆದರೂ ಓದಿ ನನಗೆ ಭಯ ಆಯ್ತು. ವೀಸಾ ವಿಷಯದಲ್ಲಿ ಒಂದು ಸಣ್ಣ ಎಡವಟ್ಟೂ ಬೇಡ ಅನ್ನಿಸಿತು. ಬಿಲ್ಲು ಮತ್ತು ಕ್ರಾಸ್‌ಬೋ ಆ ಕಾನೂನಿನ ಲೆಕ್ಕದಲ್ಲಿ ಬಂದೂಕು ಅಲ್ಲ. ಮಿಶಿಗನ್‌ನಲ್ಲಿ 1960ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗೆ ಲೈಸೆನ್ಸ್ ಬೇಕಾದರೆ ಹಂಟರ್ ಸೇಫ್ಟಿ ಕೋರ್ಸ್ ಆಗಿರಬೇಕು. ಅದನ್ನು ಮುಗಿಸಿದೆ. ಬಿಲ್ಲು ಕಲಿಯಲು ತಿಂಗಳುಗಟ್ಟಲೆ ಬೇಕು, ಕ್ರಾಸ್‌ಬೋ ಆದರೆ ಒಂದು ಸಂಜೆ ಸಾಕು ಅಂತ ಅಂಗಡಿಯವನು ಹೇಳಿದ. ಅವನು ಸುಳ್ಳು ಹೇಳಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಕೊಂಡೆ, ಅಕ್ಟೋಬರ್ 1ಕ್ಕೆ ಸೀಸನ್ ಶುರು.

ಜಾಗ ಕೊಟ್ಟವರು ನಮ್ಮ ಆಫೀಸಿನ ಹಿರಿಯರೊಬ್ಬರು. ಲ್ಯಾನ್ಸಿಂಗ್‌ನಿಂದ ಆಚೆ ಅವರಿಗೆ 40 ಎಕರೆ ಇತ್ತು. ಅರ್ಧ ಓಕ್ ಮರಗಳು, ಅರ್ಧ ಹುಲ್ಲು, ಹಿಂದೆ ಆಪು ಹುಲ್ಲು ಬೆಳೆದ ಒಂದು ಜೌಗು. ಅವರಿಗೆ ಆಗ 60 ದಾಟಿತ್ತು. ಭುಜದ ಆಪರೇಷನ್ ಆದ ಮೇಲೆ ಬಿಲ್ಲು ಎಳೆಯಲು ಆಗುತ್ತಿರಲಿಲ್ಲ. 2009ರಲ್ಲಿ ಮಿಶಿಗನ್ ಬಿಲ್ಲು ಸೀಸನ್‌ಗೆ ಕ್ರಾಸ್‌ಬೋವನ್ನೂ ಸೇರಿಸಿತು. ಅದಿಲ್ಲದಿದ್ದರೆ ಆ ವರ್ಷವೇ ಬೇಟೆ ಬಿಡುತ್ತಿದ್ದೆ ಅಂತ ಅವರೇ ಹೇಳುತ್ತಿದ್ದರು. ನನ್ನ ಟ್ರೀ ಸ್ಟ್ಯಾಂಡನ್ನು, ಅಂದರೆ ಮರದ ಮೇಲೆ ಕೂರುವ ಅಟ್ಟಣೆಯನ್ನು, ಅವರೇ ಕಟ್ಟಿಕೊಟ್ಟರು. ಮಲೆನಾಡಿನಲ್ಲಿ ಮರಸು ಕೂರುವುದು ಅಂತಾರಲ್ಲ, ಅದೇ. ನೆಲದಿಂದ 16 ಅಡಿ ಎತ್ತರ, ಮೈಗೆ ಪೂರ್ತಿ ಬೆಲ್ಟ್. ಕೆಳಗೆ ಇಳಿದು ಟೇಪ್ ಹಿಡಿದು ಅಳೆದು, 30 ಗಜದಲ್ಲಿದ್ದ ಒಂದು ಸಣ್ಣ ಮೇಪಲ್ ಗಿಡಕ್ಕೆ ಕಿತ್ತಳೆ ಬಣ್ಣದ ರಿಬ್ಬನ್ ಸುತ್ತಿದರು. "ಇದರಿಂದ ಆಚೆ ಇರುವುದು ನಿನ್ನದಲ್ಲ," ಅಂದರು. ಅಷ್ಟೇ ಅವರು ಹಾಕಿದ ಷರತ್ತು.

ಈಗ ನನ್ನ ತಪ್ಪಿನ ವಿಷಯ. ಇದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಓದಿ.

ನನ್ನ ಕ್ರಾಸ್‌ಬೋದ ಸ್ಕೋಪ್‌ನಲ್ಲಿ ಒಂದರ ಕೆಳಗೆ ಒಂದು ಐದು ಗೆರೆ ಇದ್ದವು. 20, 30, 40, 50, 60 ಗಜ. ಗೆರೆ ಇದೆ ಅಂದರೆ ಅಷ್ಟು ದೂರ ಹೊಡೆಯಬಹುದು ಅಂತಲೇ ಅಲ್ವಾ? ನಾನು ಹಾಗೇ ಅಂದುಕೊಂಡೆ. ಮೂರು ಸಂಜೆ ರೇಂಜ್‌ಗೆ ಹೋಗಿ ಫೋಮ್ ಟಾರ್ಗೆಟ್‌ಗೆ ಹೊಡೆದೆ. 50 ಗಜದಿಂದ ಮೂರು ಬಾಣ ಒಂದು ಸಾಸರ್ ಅಗಲದಲ್ಲಿ ಬಿದ್ದವು. ಪಕ್ಕದಲ್ಲಿ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಚಕ್ರ ಇರುವ ಬಿಲ್ಲು) ಹಿಡಿದು ನಿಂತಿದ್ದವರು ಎರಡು ಮೂರು ವರ್ಷದಿಂದ ಕಲಿಯುತ್ತಿದ್ದರು, ಅವರದ್ದು 30 ಗಜಕ್ಕೇ ಅತ್ತಿತ್ತ ಹೋಗುತ್ತಿತ್ತು. ಅಲ್ಲೇ ನನ್ನ ತಲೆಯಲ್ಲಿ ಇದು ಸದ್ದಿಲ್ಲದ ಕೋವಿ ಅನ್ನುವುದು ಕೂತುಬಿಟ್ಟಿತು.

ಅಕ್ಟೋಬರ್ ಮಧ್ಯ, ಸಂಜೆ ಆರೂವರೆ. ಹುಲ್ಲಿನ ಅಂಚಿನಲ್ಲಿ ಒಂದು ಗಂಡು ಜಿಂಕೆ ಬಂತು. ಕೊಂಬಿನಲ್ಲಿ ಎಂಟು ಕವಲು. ದೂರ ಅಳೆಯುವ ರೇಂಜ್‌ಫೈಂಡರ್ 51 ಗಜ ತೋರಿಸಿತು. ರಿಬ್ಬನ್ ನನ್ನ ಕಣ್ಣಿಗೆ ಬೀಳುತ್ತಲೇ ಇತ್ತು. ಜಿಂಕೆ ಅದರಿಂದ ಎಷ್ಟೋ ಆಚೆ. ಹತ್ತು ನಿಮಿಷ ಕಾದೆ, ಅದು ಹತ್ತಿರ ಬರಲಿಲ್ಲ. ಒಮ್ಮೆ ತಲೆ ಎತ್ತಿ ಕಿವಿ ನಿಮಿರಿಸಿತು. ಬೆಳಕು ಹೋಗುತ್ತಿತ್ತು. ನಾಲ್ಕನೇ ಗೆರೆಯನ್ನು ಅದರ ಮುಂಗಾಲಿನ ಹಿಂದೆ ಇಟ್ಟೆ, ಟ್ರಿಗರ್ ಒತ್ತಿದೆ.

ಗುರಿ ಸರಿಯಾಗಿತ್ತು. ಕೈ ನಡುಗಲಿಲ್ಲ. ಟ್ರಿಗರ್ ಒತ್ತಿದ ಕ್ಷಣ ಜಿಂಕೆ ಎಲ್ಲಿತ್ತೋ ಅಲ್ಲಿಗೇ ಬಾಣ ಹೋಯ್ತು. ಜಿಂಕೆ ಮಾತ್ರ ಅಲ್ಲಿರಲಿಲ್ಲ.

ಲೆಕ್ಕ ಹಾಕಿ ನೋಡಿ. 50 ಗಜ ಅಂದರೆ 150 ಅಡಿ. ನನ್ನ ಕ್ರಾಸ್‌ಬೋದ ಡಬ್ಬದ ಮೇಲೆ ಸೆಕೆಂಡಿಗೆ 380 ಅಡಿ ಅಂತ ಇತ್ತು. ಬೇಟೆಯ ಭಾರದ ಬಾಣ ಹಾಕಿದರೆ ಅಷ್ಟು ಬರುವುದಿಲ್ಲ, ಹೋಗುತ್ತಾ ವೇಗವೂ ಇಳಿಯುತ್ತದೆ. 350 ಅಂತ ಇಟ್ಟುಕೊಳ್ಳಿ. ಬಾಣ ಮುಟ್ಟಲು 0.43 ಸೆಕೆಂಡ್ ಬೇಕು. ಸದ್ದು ಸೆಕೆಂಡಿಗೆ ಸುಮಾರು 1,100 ಅಡಿ ಹೋಗುತ್ತದೆ. ಹೆದೆ ಹೊಡೆದ ಸದ್ದು ಜಿಂಕೆಯ ಕಿವಿಗೆ 0.14 ಸೆಕೆಂಡಿನಲ್ಲಿ ಮುಟ್ಟಿತು. ಅಂದರೆ ಸದ್ದು ಕೇಳಿದ ಮೇಲೂ ಜಿಂಕೆಗೆ 0.3 ಸೆಕೆಂಡ್ ಉಳಿಯಿತು. ನಮಗೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಬಿಳಿಬಾಲದ ಜಿಂಕೆಗೆ ಅದು ಧಾರಾಳ. ಅದು ಮೊದಲು ಕಾಲು ಮಡಿಸಿ ಮೈಯನ್ನು ಕೆಳಗೆ ಇಳಿಸುತ್ತದೆ, ಆಮೇಲೆ ಜಿಗಿಯುತ್ತದೆ. ಇಲ್ಲಿಯವರು ಇದನ್ನು ಜಂಪಿಂಗ್ ದ ಸ್ಟ್ರಿಂಗ್ ಅಂತಾರೆ. ಹೆಸರಲ್ಲಿ ಜಂಪ್ ಇದ್ದರೂ ಮೊದಲು ಆಗುವುದು ಕುಸಿತ. ಅಷ್ಟು ಹೊತ್ತಿನಲ್ಲಿ ಮೈ ಹತ್ತಿರ ಹತ್ತಿರ ಒಂದು ಗೇಣು ಕೆಳಗೆ ಇಳಿದಿರುತ್ತದೆ, ಪಕ್ಕಕ್ಕೂ ತಿರುಗಿರುತ್ತದೆ.

ಅದೇ 20 ಗಜ ಆಗಿದ್ದರೆ? ಬಾಣಕ್ಕೆ 0.17 ಸೆಕೆಂಡ್, ಸದ್ದಿಗೆ 0.05. ಉಳಿಯುವುದು 0.12. ಜಿಂಕೆ ಬೆಚ್ಚುವಷ್ಟರಲ್ಲಿ ಬಾಣ ದಾಟಿ ಹೋಗಿರುತ್ತದೆ. ಕೋವಿ ಆಗಿದ್ದರೆ? ರೈಫಲ್ ಗುಂಡು ಸದ್ದಿಗಿಂತ ಎರಡು ಪಟ್ಟಿಗೂ ಜಾಸ್ತಿ ವೇಗದಲ್ಲಿ ಹೋಗುತ್ತದೆ. ಜಿಂಕೆಗೆ ಏನೂ ಕೇಳಿಸುವ ಮೊದಲೇ ಮುಗಿದಿರುತ್ತದೆ. ಕ್ರಾಸ್‌ಬೋಗೆ ಕೋವಿಯ ಹಿಡಿ ಇದೆ, ಟ್ರಿಗರ್ ಇದೆ, ಸ್ಕೋಪ್ ಇದೆ. ಅದರಿಂದ ಹೊರಗೆ ಹೋಗುವುದು ಮಾತ್ರ ಬಾಣ. ಬಾಣ ಕೊಲ್ಲುವುದು ರಕ್ತ ಸುರಿಸಿ, ಗುಂಡಿನ ಹಾಗೆ ಹೊಡೆತದ ಬಲದಿಂದ ಅಲ್ಲ. ಎರಡೂ ಶ್ವಾಸಕೋಶ ತೂರಿ ಹೋದರೆ ಜಿಂಕೆ ಸ್ವಲ್ಪ ದೂರ ಓಡಿ ಬೀಳುತ್ತದೆ. ಒಂದು ಗೇಣು ಹಿಂದೆ ತಾಗಿದರೆ ಗಂಟೆಗಟ್ಟಲೆ ನರಳುತ್ತದೆ.

ಸಾಸರ್ ಅಗಲದಲ್ಲಿ ಮೂರು ಬಾಣ ಬಿದ್ದವು ಅಂದೆನಲ್ಲ, ಫೋಮ್ ಟಾರ್ಗೆಟ್‌ಗೆ ಕಿವಿ ಇರಲಿಲ್ಲ.

ಅರ್ಧ ಗಂಟೆ ಮರದ ಮೇಲೇ ಕಾದು ಇಳಿದೆ. ಹುಲ್ಲಿನಲ್ಲಿ ಬಾಣ ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದು ಟಾರ್ಚ್ ಹಾಕಿದೆ. ಶ್ವಾಸಕೋಶಕ್ಕೆ ತಾಗಿದ್ದರೆ ನೊರೆ ನೊರೆಯಾದ ತಿಳಿಗೆಂಪು ರಕ್ತ ಇರಬೇಕು. ನನ್ನ ಬಾಣದ ಗರಿ ಅಂಟಂಟಾಗಿತ್ತು. ಹಸಿರು ಮಿಶ್ರಿತ ಕಂದು ಬಣ್ಣ, ಅರೆದ ಹುಲ್ಲಿನ ಚೂರುಗಳು. ಮೂಗಿನ ಹತ್ತಿರ ತಂದಾಗ ಹುಳಿ ನಾತ ಬಂತು. ಹೊಟ್ಟೆಗೆ ತಾಗಿತ್ತು. ಆ ವಾಸನೆ ನನಗೆ ಈಗಲೂ ನೆನಪಿದೆ.

ಹಿರಿಯರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ. ಬಾಣದ ಮೇಲೆ ಏನಿದೆ? ಎಷ್ಟು ದೂರ ಇತ್ತು? 51 ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಂದು ಹೆಜ್ಜೆಯೂ ಮುಂದೆ ಇಡಬೇಡ. ಸದ್ದು ಮಾಡದೆ ವಾಪಸ್ ಬಾ. ಬೆಳಿಗ್ಗೆ ಹುಡುಕೋಣ," ಅಂದರು. ಹೊಟ್ಟೆಗೆ ತಾಗಿದ ಜಿಂಕೆ ಹತ್ತಿರದಲ್ಲೇ ಎಲ್ಲೋ ಮಲಗುತ್ತದೆ. ಹಿಂದೆ ಹೋದರೆ ಎದ್ದು ಮೈಲಿಗಟ್ಟಲೆ ಹೋಗಿಬಿಡುತ್ತದೆ. ಎಂಟು ಹತ್ತು ಗಂಟೆ ಬಿಡಬೇಕು. ಅಜ್ಜ ರಾತ್ರಿಯಾದರೂ ಹುಡುಕು ಅಂದಿದ್ದರು, ಇವರು ಬೇಡ ಅಂತಿದ್ದಾರೆ. ಇವರ ಮಾತೇ ಸರಿ ಅಂತ ಗೊತ್ತಿತ್ತು, ಆದರೂ ಕಾರಿನಲ್ಲಿ ಕೂತು ಮನೆಗೆ ಹೋಗಲು ಆಗಲಿಲ್ಲ. ಅವರ ಮನೆಯ ಸೋಫಾದ ಮೇಲೆ ಎಚ್ಚರವಾಗಿಯೇ ಇದ್ದೆ. ರಾತ್ರಿ ಎರಡು ಗಂಟೆಗೆ ಮಳೆ ಶುರುವಾಯ್ತು.

ಬೆಳಿಗ್ಗೆ ಒಂದು ಹನಿ ರಕ್ತವೂ ಉಳಿದಿರಲಿಲ್ಲ. ಗಾಯಗೊಂಡ ಜಿಂಕೆಯನ್ನು ನಾಯಿಯಿಂದ ಹುಡುಕಿಸಲು ಮಿಶಿಗನ್‌ನಲ್ಲಿ ಅನುಮತಿ ಇದೆ, ನಾಯಿ ಹಗ್ಗದಲ್ಲಿ ಇರಬೇಕು. ಅಂಥ ನಾಯಿ ಇಟ್ಟುಕೊಂಡಿದ್ದವರೊಬ್ಬರು ಬಂದರು. ನಾಯಿ ಜೌಗಿನ ಅಂಚಿನವರೆಗೆ ಚೆನ್ನಾಗಿಯೇ ಹೋಯ್ತು. ಅಲ್ಲಿಂದ ನೀರು. ಆ ದಿನ ಪೂರ್ತಿ ಹುಡುಕಿದೆವು. ಮಾರನೇ ದಿನ ರಜೆ ಹಾಕಿ ನಾನೊಬ್ಬನೇ ಹುಡುಕಿದೆ.

ನಾಲ್ಕನೇ ದಿನ ಕಾಗೆಗಳು ಜಾಗ ತೋರಿಸಿದವು. ಆಪಿನ ನಡುವೆ, ನನ್ನ ಮರದಿಂದ 300 ಗಜವೂ ಇರಲಿಲ್ಲ. ಕಯೋಟಿಗಳು (ನರಿಯಂಥ ಪ್ರಾಣಿಗಳು) ಹಿಂಭಾಗ ಪೂರ್ತಿ ತಿಂದಿದ್ದವು. ಒಂದು ತುಂಡು ಮಾಂಸವೂ ಯಾರ ಮನೆಗೂ ಹೋಗುವ ಹಾಗಿರಲಿಲ್ಲ. ಹಿರಿಯರು ನನ್ನನ್ನು ಬೈಯಲಿಲ್ಲ. ಮರದ ಹತ್ತಿರ ಬಂದು ನನ್ನ ಸ್ಟ್ಯಾಂಡಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದರು. "ಈ ವರ್ಷ ಸಾಕು," ಅಂದರು. ಅಂಥವರ ನಂಬಿಕೆ ಕಳೆದುಕೊಂಡೆನಲ್ಲ, ಅದು ಬಹಳ ದಿನ ಕೊರೆಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕ್ರಾಸ್‌ಬೋ ಮೋಸ, ಅದು ಬಂದೂಕಿಗೆ ಸಮ, ಆದ್ದರಿಂದ ಬಿಲ್ಲಿನವರಿಗೆ ಅನ್ಯಾಯ ಅಂತ ವಿರೋಧಿಸುವವರು ಹೇಳುತ್ತಾರೆ. ನಿಮ್ಮ ಪ್ರಶ್ನೆ ನಿಂತಿರುವುದೇ ಈ ಮಾತಿನ ಮೇಲೆ. ನಾನು ಅದನ್ನು ಒಪ್ಪುವುದಿಲ್ಲ. ಬಂದೂಕಿಗೆ ಸಮ ಅಂತ ನಂಬಿದ್ದಕ್ಕೇ ಆ ಜಿಂಕೆ ಹಾಗೆ ಸತ್ತಿತು. 40 ಗಜಕ್ಕೆ ಹೊಂದಿಸಿದ ಗುರಿಯಲ್ಲಿ 50 ಗಜಕ್ಕೆ ಹೊಡೆದರೆ ಬಾಣ ಹತ್ತಿರ ಹತ್ತಿರ ಒಂದು ಗೇಣು ಕೆಳಗೆ ಬೀಳುತ್ತದೆ. ಯಾವ ರೈಫಲ್ ಹಾಗೆ ಮಾಡುತ್ತದೆ? ವಿರೋಧಿಸುವವರು ಅದು ಬಂದೂಕಿನಂತೆ ಅಂತ ಕೂಗಿದಷ್ಟೂ ಹೊಸಬರು ಅದನ್ನೇ ನಂಬಿಕೊಂಡು ಬರುತ್ತಾರೆ.

ಬಿಲ್ಲು ಅಂದರೆ ಯಾವುದು ಅನ್ನುವ ಜಗಳ ಹಳೆಯದು. ವಿಸ್ಕಾನ್ಸಿನ್‌ನಲ್ಲಿ 1934ರಲ್ಲೇ ಬಿಲ್ಲಿಗೆ ಅಂತ ಜಿಂಕೆ ಬೇಟೆಯ ಸೀಸನ್ ಶುರುವಾಯ್ತು. ಆಗ ಇದ್ದದ್ದು ಮರದ ಬಿಲ್ಲು. ಮಿಸೂರಿಯ ಹಾಲೆಸ್ ವಿಲ್ಬರ್ ಆಲೆನ್ ಅವರಿಗೆ 1969ರಲ್ಲಿ ಕಾಂಪೌಂಡ್ ಬಿಲ್ಲಿನ ಪೇಟೆಂಟ್ ಸಿಕ್ಕಿತು. ಚಕ್ರ ಹಾಕಿದ ಯಂತ್ರ, ಇದು ಬಿಲ್ಲಲ್ಲ ಅಂತ ಹಳಬರು ಆಗಲೂ ಹೇಳಿದರು. ಇವತ್ತು 70 ಪೌಂಡಿನ ಕಾಂಪೌಂಡ್ ಬಿಲ್ಲನ್ನು ಪೂರ್ತಿ ಎಳೆದರೆ ಕೈಗೆ ಉಳಿಯುವ ಭಾರ ಸುಮಾರು 14 ಪೌಂಡ್ ಅಷ್ಟೇ. ಅದನ್ನು ಹಿಡಿದವರೇ ಕ್ರಾಸ್‌ಬೋ ಯಂತ್ರ ಅನ್ನುತ್ತಾರೆ. ಬಿಲ್ಲು ಬೇಟೆಯ ದಾಖಲೆ ಇಡುವ ಪೋಪ್ ಅಂಡ್ ಯಂಗ್ ಕ್ಲಬ್‌ನವರು ಕ್ರಾಸ್‌ಬೋದಲ್ಲಿ ಹೊಡೆದದ್ದನ್ನು ತಮ್ಮ ದಾಖಲೆಗೆ ಸೇರಿಸುವುದಿಲ್ಲ. ಅದು ಅವರ ಪುಸ್ತಕ, ಅವರ ನಿಯಮ, ನನಗೆ ತಕರಾರಿಲ್ಲ. ಆರೆಗನ್ ರಾಜ್ಯ ಕ್ರಾಸ್‌ಬೋ ಬೇಟೆಯನ್ನೇ ಪೂರ್ತಿ ನಿಷೇಧಿಸಿದೆ. ಅದು ಅತಿಯಾಯ್ತು ಅನ್ನುತ್ತೇನೆ. ಆ ನಿಯಮ ಇಲ್ಲಿದ್ದಿದ್ದರೆ ನಮ್ಮ ಹಿರಿಯರು, ಒಂದೇ ಒಂದು ಪ್ರಾಣಿಯನ್ನೂ ಗಾಯ ಮಾಡಿ ಕಳೆದುಕೊಳ್ಳದ ಮನುಷ್ಯ, ಮನೆಯಲ್ಲಿ ಕೂರುತ್ತಿದ್ದರು. ಮಿಶಿಗನ್‌ನಲ್ಲಿ ಜಿಂಕೆಗೆ ಕಾರು ಗುದ್ದುವ ಅಪಘಾತ ವರ್ಷಕ್ಕೆ 50 ಸಾವಿರಕ್ಕೂ ಜಾಸ್ತಿ. ಬೇಟೆಗೆ ಹೋಗುವವರು ಕಮ್ಮಿಯಾದರೆ ಇಲ್ಲಿ ಯಾರಿಗೂ ಒಳ್ಳೆಯದಲ್ಲ.

ಹಾಗಾಗಿ ಕ್ರಾಸ್‌ಬೋಗೆ ಅವಕಾಶ ಕೊಡಬೇಕು. ಆದರೆ ಈಗ ಕೊಟ್ಟಿರುವ ಹಾಗೆ ಅಲ್ಲ. ಹಂಟರ್ ಸೇಫ್ಟಿ ಕೋರ್ಸ್‌ನಲ್ಲಿ ನನ್ನನ್ನು ಯಾರೂ ಒಂದು ಬಾಣವನ್ನೂ ಹೊಡೆಸಿ ನೋಡಲಿಲ್ಲ. ಡೆನ್ಮಾರ್ಕ್‌ನಲ್ಲಿ ಬಿಲ್ಲು ಹಿಡಿದು ಬೇಟೆಗೆ ಹೋಗುವವರು ಗುರಿ ಪರೀಕ್ಷೆ ಪಾಸಾಗಬೇಕು. ಇಲ್ಲೂ ಹಾಗೇ ಆಗಬೇಕು, ಕ್ರಾಸ್‌ಬೋಗೂ ಸರಿ, ಕಾಂಪೌಂಡ್‌ಗೂ ಸರಿ. ದೂರವನ್ನು ಕಣ್ಣಳತೆಯಲ್ಲಿ ಹೇಳುವುದು, ಹೊಡೆಯಬಾರದ ಹೊತ್ತಿನಲ್ಲಿ ಹೊಡೆಯದೆ ಇರುವುದು, ಇದನ್ನೂ ಪರೀಕ್ಷೆ ಮಾಡಬೇಕು. ಖರ್ಚಾಗುತ್ತದೆ, ಜನ ಬೈಯುತ್ತಾರೆ. ಆದರೂ ಮಾಡಬೇಕು.

ನೀವು ಏನು ಕೊಳ್ಳಬೇಕು ಅನ್ನುವುದಕ್ಕೆ ನನ್ನ ಉತ್ತರ ನೇರ. ವಯಸ್ಸು 34, ಭುಜಕ್ಕೆ ಏನೂ ತೊಂದರೆ ಇಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಈ ವರ್ಷ ಕ್ರಾಸ್‌ಬೋ ಕೊಳ್ಳಬೇಡಿ. ಕಾನೂನು ಒಪ್ಪುತ್ತದೆ, ನಾನು ಬೇಡ ಅನ್ನುತ್ತಿದ್ದೇನೆ. ಕಾಂಪೌಂಡ್ ಬಿಲ್ಲು ಹಿಡಿದು ಒಂದು ಬೇಸಿಗೆ ಪೂರ್ತಿ ಹೊಡೆಯಿರಿ. ನಾನು 2016ರಲ್ಲಿ ಅದನ್ನೇ ಮಾಡಿದೆ. ಏಪ್ರಿಲ್‌ನಲ್ಲಿ 10 ಗಜದಿಂದ ಶುರು ಮಾಡಿದೆ. ಜೂನ್‌ನಲ್ಲಿ 20. ಆಗಸ್ಟ್‌ನಲ್ಲಿ 30 ಗಜಕ್ಕೆ ಹತ್ತರಲ್ಲಿ ಮೂರು ಬಾಣ ಹೊರಗೆ ಹೋಗುತ್ತಿದ್ದವು, ಆದ್ದರಿಂದ ನನ್ನ ಗಡಿ 25 ಅಂತ ನನಗೇ ಗೊತ್ತಾಯ್ತು. ಸ್ಕೋಪ್‌ನ ಗೆರೆ ಅದನ್ನು ಹೇಳಿಕೊಟ್ಟಿರಲಿಲ್ಲ. ಅಕ್ಟೋಬರ್‌ನಲ್ಲಿ ಹಿರಿಯರು ಮತ್ತೆ ಕರೆದರು. ಗಂಡು ಜಿಂಕೆಗಳು ಎರಡು ಸಲ 40 ಗಜದಲ್ಲಿ ಹಾದುಹೋದವು, ಬಿಲ್ಲು ಎತ್ತಲಿಲ್ಲ. ನವೆಂಬರ್ ಮೊದಲ ವಾರ ಒಂದು ಹೆಣ್ಣು ಜಿಂಕೆ 18 ಗಜಕ್ಕೆ ಬಂತು. ಬಾಣ ಆ ಕಡೆ ಹೊರಬಂದು ನೆಲಕ್ಕೆ ನೆಟ್ಟಿತು. ಜಿಂಕೆ 60 ಗಜ ಓಡಿ, ನನ್ನ ಕಣ್ಣೆದುರೇ ಬಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಮಾಡಿದ ಜಿಂಕೆ ಸಾರನ್ನು ಹಿರಿಯರ ಮನೆಗೂ ಕಳಿಸಿದೆವು. ನಾಯಿ ತಂದಿದ್ದವರಿಗೂ ಒಂದು ಪಾಲು ಕೊಟ್ಟೆ.

ಈಗ ನನ್ನ ಹತ್ತಿರ ಎರಡೂ ಇವೆ. ಡಿಸೆಂಬರ್‌ನಲ್ಲಿ ದಪ್ಪ ಜಾಕೆಟ್ ಹಾಕಿದಾಗ ಕಾಂಪೌಂಡ್‌ನ ಹೆದೆ ತೋಳಿಗೆ ಬಡಿಯುತ್ತದೆ, ಆಗ ಕ್ರಾಸ್‌ಬೋ ತಗೊಂಡು ಹೋಗುತ್ತೇನೆ. ಗಡಿ ಮಾತ್ರ ಅದೇ 25. ಮುಂದೆ ಎಂದಾದರೂ ನೀವು ಕೊಂಡರೆ ಎರಡು ವಿಷಯ ಮರೆಯಬೇಡಿ. ಹೆದೆ ಏರಿಸಿದ ಕ್ರಾಸ್‌ಬೋ ಹಿಡಿದು ಮರ ಹತ್ತಬೇಡಿ, ಇಳಿಯಬೇಡಿ. ಹಗ್ಗ ಕಟ್ಟಿ ಎಳೆದುಕೊಳ್ಳಿ, ಇಳಿಯುವ ಮೊದಲು ಬಾಣ ತೆಗೆಯಿರಿ. ಎಡಗೈ ಹೆಬ್ಬೆರಳು ಯಾವತ್ತೂ ಹೆದೆ ಓಡುವ ದಾರಿಗಿಂತ ಕೆಳಗಿರಲಿ. ಮೇಲೆ ಬಂದರೆ ಹೆಬ್ಬೆರಳು ಹೋಗುತ್ತದೆ.

ಬಿಲ್ಲು ಕೊಳ್ಳುವ ಮೊದಲು ಅಳತೆ ನೋಡಿಕೊಳ್ಳಿ. ಎರಡೂ ಕೈ ಅಗಲಕ್ಕೆ ಚಾಚಿ, ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಗೆ ಇಂಚಿನಲ್ಲಿ ಅಳೆಸಿ, 2.5ರಿಂದ ಭಾಗಿಸಿ. ಅದು ನಿಮ್ಮ ಡ್ರಾ ಲೆಂಗ್ತ್, ಅಂದರೆ ನೀವು ಹೆದೆ ಎಳೆಯುವ ಉದ್ದ. 2016ರಲ್ಲಿ ಕೊಂಡ ನನ್ನ ಹಳೆಯ ಬಿಲ್ಲು 28 ಇಂಚಿನದು, ಗ್ಯಾರೇಜ್‌ನಲ್ಲಿ ಸುಮ್ನೆ ಇದೆ. ನಿಮ್ಮದು 28ರ ಹತ್ತಿರ ಬಂದರೆ ಬರೆಯಿರಿ, ಬಂದು ತಗೊಂಡು ಹೋಗಿ. ದುಡ್ಡು ಬೇಡ. ಹೆದೆ ಮಾತ್ರ ಹಳೆಯದಾಗಿದೆ, ಹೊಡೆಯುವ ಮೊದಲು ಬದಲಾಯಿಸಬೇಕು.